ಗಂಗಾಧರಯ್ಯನವರು ತಲೆಯಾಡಿಸಿದ್ದು

ಜೆ.ಪಿ. ನಗರದ ಗಂಗಾಧರಯ್ಯನವರು ಟ್ರಸ್ಟಿ ಆದದ್ದು ಜಗಳ ಮಾಡಲು ಹೋಗಿ. ಅವರ ಮೂರಂತಸ್ತಿನ ಕಟ್ಟಡದ ನೆಲಮಹಡಿಯನ್ನು ‘ಒಡನಡೆ’ ಎಂಬ ಟ್ರಸ್ಟ್ ಬಾಡಿಗೆಗೆ ಹಿಡಿದಿತ್ತು. ಅಂಗವಿಕಲರಿಗೆ ತರಬೇತಿ ಕೊಟ್ಟು, ಕೆಲಸ ಹುಡುಕಿ, ಕೆಲಸಕ್ಕೆ ಸೇರಿಸುವ ಸಂಸ್ಥೆ ಅದು. ಒಂದು ದಿನ ಬೆಳಿಗ್ಗೆ ಅವರ ಕಾರು ಹೊರಗೆ ಬರದಂತೆ ಗೇಟಿಗೆ ಅಡ್ಡಲಾಗಿ ನಾಲ್ಕು ಮೂರುಚಕ್ರದ ಸ್ಕೂಟರುಗಳು ನಿಂತಿದ್ದವು. ಇವತ್ತು ಎರಡರಲ್ಲೊಂದು ತೀರ್ಮಾನ ಆಗಿಹೋಗಲಿ ಎಂದು ಪಂಚೆ ಎತ್ತಿ ಕಟ್ಟಿಕೊಂಡು ಇಳಿದು ಹೋದವರು ಒಂದೂವರೆ ಗಂಟೆಯಾದರೂ ಮೇಲೆ ಬರಲಿಲ್ಲ. ಬರುವ ಹೊತ್ತಿಗೆ ಎರಡು ಲೋಟ ಕಾಫಿ ಕುಡಿದಿದ್ದರು, ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿಕೊಡುವುದಾಗಿ ಮಾತು ಕೊಟ್ಟಿದ್ದರು, ಮುಂದಿನ ತಿಂಗಳ ಸಭೆಗೆ ಬರುತ್ತೇನೆಂದು ಒಪ್ಪಿಕೊಂಡೂ ಆಗಿತ್ತು. “ಬೈಯೋಕೆ ಅಂತ ಹೋದೋರು ಮೆಂಬರ್ ಆಗಿ ಬಂದವ್ರೆ” ಎಂದು ಅವರ ಹೆಂಡತಿ ಅಂಜನಮ್ಮ ಬೀದಿಗೆಲ್ಲ ಹೇಳಿಕೊಂಡು ನಕ್ಕರು.

ಗಂಗಾಧರಯ್ಯನವರು ಹೊರಗಿನಿಂದ ಬಂದವರಲ್ಲ. ಈಗ ಅವರ ಕಟ್ಟಡ ಇರುವ ಜಾಗದಲ್ಲೇ ಅವರಪ್ಪ ರಾಗಿ, ಅವರೆ ಬೆಳೆಯುತ್ತಿದ್ದರು. ಹೊಲ ಲೇಔಟ್ ಆಯಿತು, ಮಗ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟ, ಅಂಗಡಿ ನಡೆದು ಕಟ್ಟಡ ಎದ್ದಿತು. ಇಪ್ಪತ್ತೆಂಟು ವರ್ಷ ಅಂಗಡಿಯಲ್ಲಿ ಕೂತವರಿಗೆ ಪರಿಚಯಕ್ಕೇನು ಬರ? ಬನಶಂಕರಿಯಿಂದ ಹುಳಿಮಾವಿನವರೆಗೆ ಯಾವ ಹೋಟೆಲಿನವನು ಯಾರ ಅಳಿಯ, ಯಾವ ಗೋಡೌನು ಯಾರ ಹೆಸರಲ್ಲಿದೆ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮಾತಿನಲ್ಲಂತೂ ಎತ್ತಿದ ಕೈ. ‘ಅಯ್ಯೋ ಪಾಪ’ ಎಂದು ಕೈತೊಳೆದುಕೊಳ್ಳುವ ಮಾಲೀಕರ ಮುಂದೆ ಹೋಗಿ ಕೂತು, “ಪಾಪ ಬೇಡ ಸ್ವಾಮಿ, ಮೂರು ತಿಂಗಳು ಕೆಲಸ ಕೊಟ್ಟು ನೋಡಿ, ಸರಿ ಬರ್ಲಿಲ್ಲ ಅಂದ್ರೆ ನಂಗೇ ಫೋನ್ ಮಾಡಿ ಬೈಯಿರಿ” ಎನ್ನುತ್ತಿದ್ದರು. ಬೈಯಲು ಫೋನ್ ಮಾಡಿದವರು ಕಡಿಮೆ. ಔಷಧಿ ಅಂಗಡಿ, ಬೇಕರಿ, ಆಸ್ಪತ್ರೆಯ ಕೌಂಟರು ಎಂದು ಅವರೊಬ್ಬರೇ ಅರವತ್ತಕ್ಕಿಂತ ಹೆಚ್ಚು ಜನರನ್ನು ಕೆಲಸಕ್ಕೆ ಹಚ್ಚಿದ್ದರು. ಮುಂದೆ ಹೇಳುವುದನ್ನು ಓದಿ ಅವರ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಇದನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಒಡನಡೆಯಲ್ಲಿ ಒಂದು ಕಟ್ಟುಪಾಡು ಇತ್ತು. ಕಿವಿ ಕೇಳದವರನ್ನು ಕೆಲಸಕ್ಕೆ ಕಳಿಸುವುದಾದರೆ ಒಂದೇ ಜಾಗಕ್ಕೆ ಕನಿಷ್ಠ ಇಬ್ಬರನ್ನು ಕಳಿಸಬೇಕು, ಒಬ್ಬರನ್ನೇ ಎಂದಿಗೂ ಕಳಿಸಕೂಡದು. ಟ್ರಸ್ಟ್ ಕಟ್ಟಿದ ವಿಜಯಲಕ್ಷ್ಮಿ ಮೇಡಂ ಮೂವತ್ತು ವರ್ಷ ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಈ ನಿಯಮ ಅವರದೇ. ಇಬ್ಬರಿದ್ದರೆ ಊಟದ ಹೊತ್ತಿಗೆ ಸನ್ನೆಯಲ್ಲಿ ಎರಡು ಮಾತಾಡಿಕೊಳ್ಳುತ್ತಾರೆ, ಒಬ್ಬರಿಗೆ ಗೊತ್ತಾಗದ್ದು ಇನ್ನೊಬ್ಬರಿಗೆ ಗೊತ್ತಾಗುತ್ತದೆ, ಬಾಯಿ ಇರುವವರು ಮರೆತರೂ ಒಬ್ಬರನ್ನೊಬ್ಬರು ಮರೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಶ್ವೇತ ಮತ್ತು ದಿವ್ಯ ಹಾಗೆ ಜೋಡಿಯಾಗಿ ಕಾಯುತ್ತಿದ್ದವರು. ಇಬ್ಬರಿಗೂ ಇಪ್ಪತ್ತೆರಡು ವಯಸ್ಸು, ಇಬ್ಬರಿಗೂ ಹುಟ್ಟಿದಾಗಿನಿಂದ ಕಿವಿ ಕೇಳದು. ಕಂಪ್ಯೂಟರ್ ತರಗತಿಯಲ್ಲಿ ಅಕ್ಕಪಕ್ಕ ಕೂತು ಎಷ್ಟು ಮಾತಾಡುತ್ತಿದ್ದರೆಂದರೆ ಮೇಷ್ಟ್ರು ಬೇರೆ ಬೇರೆ ಕೂರಿಸಬೇಕಾಯಿತು. ಕೂರಿಸಿದರೂ ಕೋಣೆಯ ಈ ತುದಿಯಿಂದ ಆ ತುದಿಗೆ ಮಾತು ನಡೆದೇ ಇತ್ತು. ಶ್ವೇತಳ ತಾಯಿ ಪಾರವ್ವ ಗದಗಿನ ಕಡೆಯವರು, ಬಿಟಿಎಂ ಲೇಔಟಿನ ಒಂದು ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಿದ್ದರು. ಜನವರಿಯ ಒಂದು ಮಧ್ಯಾಹ್ನ ಅವರು ಗಂಗಾಧರಯ್ಯನವರ ಮನೆ ಬಾಗಿಲಿಗೇ ಬಂದು ನಿಂತರು.

“ಸರ, ಸಿಟ್ಟಾಗಬ್ಯಾಡ್ರಿ. ಇಬ್ಬರಿಗೂ ಕೂಡೇ ಸಿಗಲಿ ಅಂತ ಕಾಯಕೋಂತ ಕುಂತ್ರ ನನ್ನ ಮಗಳ ಗತಿ ಏನ್ರಿ? ಎಂಟು ತಿಂಗಳಾತು. ನಮ್ಮಣ್ಣ ಊರಿಗೆ ಕಳಸು, ಯಾರಿಗಾರ ಕೊಟ್ಟು ಮದುವಿ ಮಾಡಿಬಿಡೋಣು ಅಂತಾನ. ಅಕಿಗೆ ಮನಸಿಲ್ಲ. ಒಂದು ನೌಕರಿ ಸಿಕ್ರ ಇಲ್ಲೇ ಉಳೀತಾಳ್ರಿ.”

ಗಂಗಾಧರಯ್ಯನವರು ಆಗಲೇ ಯಾರನ್ನು ಕೇಳುವುದೆಂದು ಲೆಕ್ಕ ಹಾಕತೊಡಗಿದರು. ಅವರ ಷಡ್ಡಕನದೊಂದು ಗೋಡೌನು ಹುಳಿಮಾವಿನ ಆಚೆ ಇತ್ತು. ಆನ್‌ಲೈನಿನಲ್ಲಿ ಬಟ್ಟೆ ಮಾರುವ ಒಂದು ಕಂಪನಿ ಅದನ್ನು ಬಾಡಿಗೆಗೆ ಪಡೆದು ಪಾರ್ಸೆಲ್ ಕಟ್ಟಿಸುತ್ತಿತ್ತು. ಷಡ್ಡಕನ ಮೂಲಕ ಮ್ಯಾನೇಜರನನ್ನು ಹಿಡಿದು ಕೇಳಿದರು. ಜಾಗ ಇತ್ತು, ಆದರೆ ಒಂದೇ ಒಂದು.

ಫೆಬ್ರವರಿಯ ಸಭೆಯಲ್ಲಿ ಅವರು ಇದನ್ನು ಮುಂದಿಟ್ಟರು. ಐದು ಜನ ಟ್ರಸ್ಟಿಗಳು, ಒಂದು ತಟ್ಟೆ ಖಾರ ಬೂಂದಿ. ಆ ವರ್ಷ ನಲವತ್ತು ಜನಕ್ಕೆ ಕೆಲಸ ಕೊಡಿಸುತ್ತೇವೆ ಎಂದು ದಾನಿಗಳಿಗೆ ಬರೆದುಕೊಟ್ಟಿದ್ದರು, ಮೂವತ್ತೊಂಬತ್ತು ಆಗಿತ್ತು.

“ಒಬ್ಬಳನ್ನೇ ಬೇಡ ಗಂಗಾಧರಯ್ಯನವರೇ” ಎಂದರು ವಿಜಯಲಕ್ಷ್ಮಿ ಮೇಡಂ. “ದಿನಕ್ಕೆ ಒಂಬತ್ತು ಗಂಟೆ ಯಾರ ಹತ್ರಾನೂ ಒಂದು ಮಾತೂ ಆಡ್ದೆ ಇರ್ಬೇಕು ಆ ಹುಡುಗಿ. ನಿಮ್ ಕೈಲಿ ಆಗುತ್ತಾ? ನಿಮ್ಮನ್ನ ಹತ್ತು ನಿಮಿಷ ಸುಮ್ನೆ ಕೂರ್ಸೋಕೆ ಆಗಲ್ಲ.”

ಎಲ್ಲರೂ ನಕ್ಕರು. ಗಂಗಾಧರಯ್ಯನವರೂ ನಕ್ಕರು. ಆಮೇಲೆ ಹೇಳಿದರು: “ಮೇಡಂ, ರೂಲ್ಸ್ ಮಾಡಿರೋದು ನಾವು. ಕೆಲಸ ಬೇಕಾಗಿರೋದು ಅವಳಿಗೆ. ಸಿಕ್ಕಿರೋ ಕೆಲಸಾನ ಬೇಡ ಅನ್ನೋಕೆ ನಾವ್ಯಾರು?”

ಈ ಮಾತಿಗೆ ಎದುರಾಡುವುದು ಸುಲಭವಲ್ಲ. ಮೂವರು ಅವರ ಕಡೆ ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಒಂದು ಸಲಕ್ಕೆ ಮಾತ್ರ ನಿಯಮ ಸಡಿಲಿಸುವುದು ಎಂದು ತೀರ್ಮಾನ ಪುಸ್ತಕದಲ್ಲಿ ಬರೆದರು. ಗೋಡೆಯ ಆಚೆಯ ತರಗತಿಯಲ್ಲೇ ಶ್ವೇತ ಕೂತಿದ್ದಳು. ಅವಳನ್ನೊಮ್ಮೆ ಒಳಗೆ ಕರೆದು ಕೇಳೋಣ ಎಂದು ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವಿಜಯಲಕ್ಷ್ಮಿ ಮೇಡಂಗೂ ಹೊಳೆಯಲಿಲ್ಲ.

ಮಾರ್ಚ್ ಮೊದಲ ವಾರ ಶ್ವೇತ ಕೆಲಸಕ್ಕೆ ಸೇರಿದಳು. ಪಾರವ್ವ ಒಂದು ಡಬ್ಬಿ ಶೇಂಗಾ ಹೋಳಿಗೆ ತಂದು ಗಂಗಾಧರಯ್ಯನವರ ಕೈಗಿಟ್ಟು ಕಣ್ಣೊರೆಸಿಕೊಂಡರು. ಅಂದು ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು.

ಕೆಲಸಕ್ಕೆ ಸೇರಿಸಿದ ಮೂರು ತಿಂಗಳಿಗೆ ಟ್ರಸ್ಟಿನವರು ಹೋಗಿ ನೋಡಿಕೊಂಡು ಬರಬೇಕು. ಮ್ಯಾನೇಜರನ್ನು ಕೂರಿಸಿಕೊಂಡು, ದುಭಾಷಿಯ ಮೂಲಕ ಅಭ್ಯರ್ಥಿಯ ಕಷ್ಟಸುಖ ಕೇಳಿ, ಏನಾದರೂ ಸರಿಪಡಿಸುವುದಿದ್ದರೆ ಅಲ್ಲೇ ಮಾತಾಡಿ ಮುಗಿಸಿ ಬರುವುದು ಕ್ರಮ. ಒಡನಡೆಯಲ್ಲಿ ಇದ್ದದ್ದು ಒಬ್ಬಳೇ ದುಭಾಷಿ, ಚೈತನ್ಯ. ಅವಳ ಅಪ್ಪ ಅಮ್ಮ ಇಬ್ಬರೂ ಕಿವುಡರು. ಹೀಗಾಗಿ ಮೂವತ್ತೈದು ವರ್ಷದಿಂದ ಸನ್ನೆಯ ಭಾಷೆಯೇ ಅವಳ ಮನೆಮಾತು. ಆ ಗುರುವಾರ ಅವಳಿಗೆ ಇದ್ದಕ್ಕಿದ್ದಂತೆ ಬೇರೊಬ್ಬ ಅಭ್ಯರ್ಥಿಯ ಇಂಟರ್‌ವ್ಯೂಗೆ ದುಭಾಷಿಯಾಗಿ ಹೋಗಬೇಕಾಗಿ ಬಂತು.

“ಸಾರ್, ಶ್ವೇತ ಏನೋ ಹೇಳ್ಬೇಕು ಅಂತ ಮೆಸೇಜ್ ಮಾಡಿದ್ಲು. ವಿಸಿಟ್‌ಗೆ ಬರ್ತೀವಿ, ಮ್ಯಾನೇಜರ್ ಮುಂದೇನೇ ಹೇಳು ಅಂದಿದೀನಿ. ಮುಂದಿನ್ ವಾರ ಇಬ್ರೂ ಹೋಗೋಣ.”

“ಶನಿವಾರ ಸಭೆ ಇದೆಯಲ್ಲಮ್ಮ, ರಿಪೋರ್ಟ್ ಬೇಕು. ನಾನೊಬ್ನೇ ಹೋಗ್ಬರ್ತೀನಿ ಬಿಡು. ನಂಗೇನ್ ಅವಳು ಹೊಸಬಳಾ?” ಎಂದರು ಗಂಗಾಧರಯ್ಯನವರು.

ಹೊಸಬಳಲ್ಲ ಎಂಬುದು ನಿಜ. ಆದರೆ ಅವಳ ಭಾಷೆಯಲ್ಲಿ ಗಂಗಾಧರಯ್ಯನವರಿಗೆ ಬರುತ್ತಿದ್ದದ್ದು ಮೂರೇ ಮಾತು. ನಮಸ್ಕಾರ, ಊಟ ಆಯಿತಾ, ಒಳ್ಳೇದು. ಕಲಿಯಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ ಎಂದಲ್ಲ. ಪ್ರತಿ ವರ್ಷ ಅನ್ನಿಸುತ್ತಿತ್ತು. ಚೈತನ್ಯ ಇದ್ದಾಳಲ್ಲ ಎಂದು ಪ್ರತಿ ವರ್ಷವೂ ಮುಂದಕ್ಕೆ ಹೋಗುತ್ತಿತ್ತು.

ಗೋಡೌನಿನಲ್ಲಿ ಮ್ಯಾನೇಜರ್ ಯುವರಾಜ್ ಓಡಿ ಬಂದು ಕುರ್ಚಿ ಹಾಕಿಸಿದ. ಮಾಲೀಕರ ಕಡೆಯವರಲ್ಲವೇ. “ಬಂಗಾರದಂಥ ಹುಡುಗಿ ಸಾರ್. ಬೇರೆಯವ್ರು ನೂರು ಪಾರ್ಸೆಲ್ ಕಟ್ಟಿದ್ರೆ ಇವಳು ನೂರೈವತ್ತು. ಒಂದು ಹರಟೆ ಇಲ್ಲ, ಒಂದು ಫೋನ್ ಇಲ್ಲ” ಎಂದ. ಶ್ವೇತಳನ್ನು ಕರೆಸಿದರು. ಅವಳು ಬಂದವಳೇ ಗಂಗಾಧರಯ್ಯನವರ ಹಿಂದೆ ಬಾಗಿಲ ಕಡೆ ನೋಡಿದಳು. ಯಾರೂ ಬರದಿದ್ದಾಗ ಅವರನ್ನೇ ನೋಡಿದಳು. ಊಟ ಆಯಿತಾ ಎಂದು ಅವರು ಕೈಯಲ್ಲಿ ಕೇಳಿದರು.

ಅಷ್ಟೇ ಸಾಕಾಯಿತು. ಟ್ರಸ್ಟಿ ಸಾಹೇಬರಿಗೆ ತನ್ನ ಭಾಷೆ ಬರುತ್ತದೆ ಎಂದುಕೊಂಡಳೋ ಏನೋ, ಶ್ವೇತ ಹೇಳಲು ಶುರು ಮಾಡಿದಳು. ಎರಡು ಮೂರು ನಿಮಿಷ ಹೇಳಿದಳು. ಹಿಂದೆ ತೋರಿಸಿದಳು, ದೀಪ ತೋರಿಸಿದಳು, ಯುವರಾಜನನ್ನು ತೋರಿಸಿದಳು, ಮತ್ತೆ ಹಿಂದೆ ತೋರಿಸಿದಳು. ಗಂಗಾಧರಯ್ಯನವರು ಹೂಂ ಹೂಂ ಎಂದು ತಲೆಯಾಡಿಸಿದರು. ಎದುರಿಗಿದ್ದವರು ಮಾತಾಡುತ್ತಿರುವಾಗ ತಲೆಯಾಡಿಸುವುದು ಅವರ ಮಟ್ಟಿಗೆ ಮರ್ಯಾದೆ. ಅಂಗಡಿಯಲ್ಲಿ ಕೂತು ಬಂದ ಅಭ್ಯಾಸ. ಗಿರಾಕಿಯ ಮಗಳ ಮದುವೆ, ಮೇಸ್ತ್ರಿಯ ಮಂಡಿ ನೋವು ಎಲ್ಲದಕ್ಕೂ ಅವರ ತಲೆ ತಾನಾಗಿಯೇ ಆಡುತ್ತಿತ್ತು. ಅರ್ಥವಾಗಲಿಲ್ಲಮ್ಮ ಎಂದು ಕೈಯಾಡಿಸುವುದಕ್ಕೆ ಯುವರಾಜನ ಮುಂದೆ ಸ್ವಲ್ಪ ನಾಚಿಕೆಯೂ ಆಯಿತು. ಕೆಲಸ ಚೆನ್ನಾಗಿದೆ ಎಂದು ಹೇಳುತ್ತಿದ್ದಾಳೆ, ಇನ್ನೇನು ಹೇಳುತ್ತಾಳೆ ಎಂದುಕೊಂಡರು. ಅವಳು ಹೇಳಿ ಮುಗಿಸಿ ಅವರ ಮುಖವನ್ನೇ ನೋಡುತ್ತ ನಿಂತಳು. ಅವರು ಇನ್ನೊಮ್ಮೆ ತಲೆಯಾಡಿಸಿ, ಒಳ್ಳೇದು ಎಂದು ಕೈಯಲ್ಲಿ ಹೇಳಿ, ಅವಳ ತಲೆ ಸವರಿದರು. ಶ್ವೇತಳ ಮುಖ ಅರಳಿತು. ಯುವರಾಜ ಮೂವರದೂ ಒಂದು ಫೋಟೋ ತೆಗೆಸಿದ.

ರಿಪೋರ್ಟಿನಲ್ಲಿ ‘ಅಭ್ಯರ್ಥಿಯ ಅಭಿಪ್ರಾಯ’ ಎಂಬಲ್ಲಿ ಗಂಗಾಧರಯ್ಯನವರು ‘ಬಹಳ ಸಂತೋಷವಾಗಿದ್ದಾಳೆ’ ಎಂದು ಬರೆದರು. ಶನಿವಾರದ ಸಭೆಯಲ್ಲಿ ಆ ಫೋಟೋ ತೋರಿಸಿದಾಗ ಚಪ್ಪಾಳೆ ಬಿತ್ತು. ವಿಜಯಲಕ್ಷ್ಮಿ ಮೇಡಂ ಕೂಡ, “ನಾನೇ ಸ್ವಲ್ಪ ಜಾಸ್ತಿ ಹೆದರಿದ್ದೆ ಅನ್ಸುತ್ತೆ” ಎಂದು ಒಪ್ಪಿಕೊಂಡರು.

ಇದಾಗಿ ಎರಡು ವಾರಕ್ಕೆ, ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಗೋಡೌನಿನ ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಕರೆಂಟು ಹೋಯಿತು. ಸಂಜೆಯವರೆಗೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಯುವರಾಜ ಎಲ್ಲರಿಗೂ ರಜೆ ಕೊಟ್ಟ. ಹುಡುಗ ಹುಡುಗಿಯರು ಕೇಕೆ ಹಾಕಿಕೊಂಡು ಹೊರಟರು. ಶಟರ್ ಎಳೆಯುವ ಮೊದಲು ಅವನು ಬಾಗಿಲಲ್ಲಿ ನಿಂತು, “ಒಳಗೆ ಯಾರಾದ್ರೂ ಇದ್ದೀರಾ?” ಎಂದು ಎರಡು ಸಲ ಜೋರಾಗಿ ಕೂಗಿದ. ಯಾರೂ ಓಗೊಡಲಿಲ್ಲ. ಎಳೆದು ಬೀಗ ಹಾಕಿದ.

ಶ್ವೇತ ಹಿಂದಿನ ರ‍್ಯಾಕುಗಳ ಸಂದಿಯಲ್ಲಿದ್ದಳು. ಅಲ್ಲಿಗೆ ಕಿಟಕಿಯಿಲ್ಲ. ದೀಪ ಹೋದಾಗ ಬರುತ್ತದೆ ಎಂದು ಕಾದಳು. ನಮಗೆ ಕತ್ತಲಾದರೆ ಪಕ್ಕದವರ ದನಿಯಾದರೂ ಇರುತ್ತದೆ. ಅವಳಿಗೆ ಕತ್ತಲಾದರೆ ಏನೂ ಇರುವುದಿಲ್ಲ. ತಡವಿಕೊಂಡು ಶಟರಿನವರೆಗೆ ಬಂದು ಬಡಿದಳು. ಫೋನನ್ನು ಬೆಳಿಗ್ಗೆಯೇ ಗೇಟಿನ ಪೆಟ್ಟಿಗೆಯಲ್ಲಿಟ್ಟು ಬರುವುದು ಅಲ್ಲಿಯ ನಿಯಮ. ಎಲ್ಲರೂ ಹೋದರಲ್ಲ ಎಂದು ಕಾವಲುಗಾರನೂ ಮನೆಗೆ ಹೋಗಿ ಮಲಗಿದ್ದ. ಅವನು ಆರೂವರೆಗೆ ಬಂದು ಬಡಿತ ಕೇಳಿ ಬೀಗ ತೆಗೆಸಿದಾಗ ಅವಳ ಎರಡೂ ಅಂಗೈ ಊದಿಕೊಂಡಿದ್ದವು. ಬೇರೆ ಗಾಯವಿರಲಿಲ್ಲ.

ಸೋಮವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಚೈತನ್ಯ ಬಿಟಿಎಂಗೆ ಹೋಗಿ ನೋಡಿಕೊಂಡು ಬಂದು, ನೆಲಮಹಡಿಯ ಆಫೀಸಿನಲ್ಲಿ ಗಂಗಾಧರಯ್ಯನವರ ಎದುರು ಕೂತಳು. ಅಷ್ಟರಲ್ಲಿ ಅವರು ಯುವರಾಜನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು ಕೆಂಪಾಗಿದ್ದರು.

“ಬುದ್ಧಿ ಬೇಡ್ವಾ ಅವ್ನಿಗೆ? ಕಿವಿ ಕೇಳದಿರೋ ಹುಡುಗೀನ ಆ ಮೂಲೇಲಿ ಹಾಕೋದಾ? ನಮ್ಗೊಂದು ಮಾತು ಹೇಳಿದ್ರೆ ಅವತ್ತೇ ಸರಿ ಮಾಡಿಸ್ತಿದ್ದೆ.”

ಚೈತನ್ಯ ಹೇಳಿದಳು: “ಹೇಳಿದ್ಲಂತೆ ಸಾರ್.”

“ಯಾರಿಗೆ?”

“ನಿಮ್ಗೆ. ಹಿಂದಿನ ರ‍್ಯಾಕ್ ಹತ್ರ ನನ್ನೊಬ್ಬಳನ್ನೇ ಹಾಕಿದಾರೆ, ಲೈಟ್ ಹೋದ್ರೆ ನಂಗೆ ಏನೂ ಗೊತ್ತಾಗಲ್ಲ, ಭಯ ಆಗುತ್ತೆ, ಮುಂದಿನ ಟೇಬಲ್‌ಗೆ ಹಾಕಕ್ಕೆ ಹೇಳಿ ಅಂದ್ಲಂತೆ. ರಜ ಇದ್ರೆ ಯಾರೂ ಹೇಳಲ್ಲ, ಎರಡು ಸಲ ಬಂದು ಗೇಟ್ ಮುಂದೆ ನಿಂತ್ಕೊಂಡು ವಾಪಸ್ ಹೋದೆ ಅಂದ್ಲಂತೆ. ದಿವ್ಯನ್ನೂ ಇಲ್ಲಿಗೇ ಸೇರ್ಸಿ ಅಂದ್ಲಂತೆ. ನೀವು ಎಲ್ಲಾ ಕೇಳಿ, ಹೂಂ ಅಂತ ತಲೆ ಆಡಿಸಿ, ಒಳ್ಳೇದು ಅಂದ್ರಂತೆ. ಮಾರನೇ ದಿನದಿಂದ ದಿನಾ ಕಾಯ್ತಿದ್ಲು ಸಾರ್, ಇವತ್ತು ಟೇಬಲ್ ಬದಲಾಯಿಸ್ತಾರೆ, ನಾಳೆ ಬದಲಾಯಿಸ್ತಾರೆ ಅಂತ.”

ಗಂಗಾಧರಯ್ಯನವರಿಗೆ ಯುವರಾಜನಿಗೆ ಎಸೆದ ಬೈಗುಳವೆಲ್ಲ ಒಂದೊಂದಾಗಿ ತನ್ನ ಮೇಲೆಯೇ ಬಂದು ಬೀಳುತ್ತಿರುವಂತೆ ಅನ್ನಿಸಿತು. ಮನೆಗೆ ಹೋಗಿ ಊಟ ಬೇಡವೆಂದು ಮಲಗಿದರು. ಅಂಜನಮ್ಮ ಏನಾಯಿತೆಂದು ಕೇಳಿದಾಗ ಗೋಡೆ ಕಡೆ ತಿರುಗಿ ಅತ್ತರು.

ಅಳುತ್ತಾ ಕೂರುವ ಜಾಯಮಾನವಲ್ಲ ಅವರದು. ಮಾರನೆಯ ದಿನವೇ ಕಾಲಿಗೆ ಚಕ್ರ ಕಟ್ಟಿಕೊಂಡರು. ಜಯನಗರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ರೋಗಿಗಳ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ದೊಡ್ಡ ಕಿಟಕಿಯ ಪಕ್ಕ ಎರಡು ಕುರ್ಚಿ. ಎರಡು ವಾರ ಮೂರು ಹೊತ್ತೂ ಅಲ್ಲಿನ ಡಾಕ್ಟರ ತಲೆ ತಿಂದು ಎರಡನ್ನೂ ಗಿಟ್ಟಿಸಿದರು. ದಿವ್ಯ ಆಗಲೇ ಒಪ್ಪಿದಳು. ಇನ್ನು ಶ್ವೇತ ಒಪ್ಪಬೇಕಿತ್ತು. ಆದರೆ ಅವಳು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ, ದಿವ್ಯಳ ವಿಡಿಯೋ ಕಾಲನ್ನೂ ತೆಗೆಯುತ್ತಿರಲಿಲ್ಲ. ಅವಳ ಸೋದರಮಾವ ಭಾನುವಾರ ಬಂದು ಊರಿಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಹೋದರೆ ಮದುವೆ, ಆಮೇಲೆ ಕೆಲಸದ ಮಾತು ಎತ್ತುವಂತಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಶುಕ್ರವಾರ ಹೋಗುವುದೆಂದಾಯಿತು. ಅದಕ್ಕೆ ಮೊದಲು ನಾಲ್ಕು ದಿನ ಗಂಗಾಧರಯ್ಯನವರು ಚೈತನ್ಯಳನ್ನು ಕೂರಿಸಿಕೊಂಡು ಮೂರು ಮಾತು ಕಲಿತರು. ಅವತ್ತು ನೀನು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ನನ್ನದು ತಪ್ಪಾಯಿತು. ಅರವತ್ತೇಳರ ಬೆರಳುಗಳು, ಒಂದು ಬಾಗಿದರೆ ಇನ್ನೊಂದು ಬಾಗದು. ಕನ್ನಡಿಯ ಮುಂದೆ ನಿಂತು ಮಾಡಿದರು, ಚಪಾತಿ ಬೇಯಿಸುತ್ತಿದ್ದ ಅಂಜನಮ್ಮನವರ ಮುಂದೆ ಮಾಡಿದರು. ಅವರು ನಗಲಿಲ್ಲ, “ಇನ್ನೊಂದ್ಸಲ ಮಾಡಿ” ಎಂದರು.

ಪಾರವ್ವನವರ ಕೋಣೆ ಪಿ.ಜಿ.ಯ ಹಿಂದಿನ ಸಂದಿಯಲ್ಲಿತ್ತು. ಮಧ್ಯಾಹ್ನ ಮೂರು ಗಂಟೆಗೇ ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. “ಆರಿಸಾಕ ಬಿಡಂಗಿಲ್ರಿ ಸರ, ಮಲಗಿದಾಗೂ ಹತ್ತಿರಬೇಕು” ಎಂದರು ಪಾರವ್ವ. ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಗಂಗಾಧರಯ್ಯನವರಿಗೆ ಸ್ವಲ್ಪ ಹಗುರವಾಗುತ್ತಿತ್ತು. ಶ್ವೇತ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದಳು. ಸೊರಗಿದ್ದಳು. ಇವರನ್ನು ಕಂಡು ಎದ್ದು ನಿಲ್ಲಲಿಲ್ಲ.

ಗಂಗಾಧರಯ್ಯನವರು ಕುರ್ಚಿ ಬೇಡವೆಂದು ಅವಳ ಎದುರು ನೆಲದ ಮೇಲೆಯೇ ಕೂತು, ಕೈ ಎತ್ತಿ ಮೂರು ಮಾತನ್ನೂ ಹೇಳಿದರು. ಎರಡನೆಯದರಲ್ಲಿ ಬೆರಳು ತಪ್ಪಿತು, ಮತ್ತೆ ಹೇಳಿದರು. ಶ್ವೇತ ಕಣ್ಣು ಕೀಳದೆ ಅವರ ಕೈಗಳನ್ನೇ ನೋಡಿದಳು. ಆಮೇಲೆ ಚೈತನ್ಯ ಆಸ್ಪತ್ರೆಯ ಕೆಲಸದ ವಿಷಯ ಎತ್ತಿದಳು. ಕಿಟಕಿ, ಎರಡು ಕುರ್ಚಿ, ದಿವ್ಯ ಸೋಮವಾರದಿಂದಲೇ ಹೋಗುತ್ತಾಳೆ, ನಿನಗಾಗಿ ಕಾಯುತ್ತಿದ್ದಾಳೆ. ದಿವ್ಯಳ ಹೆಸರು ಬಂದಾಗ ಶ್ವೇತ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. ಒಪ್ಪುತ್ತಾಳೆ ಎಂದು ಗಂಗಾಧರಯ್ಯನವರಿಗೆ ಒಂದು ಕ್ಷಣ ಅನ್ನಿಸಿತು.

ಶ್ವೇತ ಅವರ ಕಡೆ ತಿರುಗಿ ನಿಧಾನವಾಗಿ ಏನೋ ಕೇಳಿದಳು. ಈ ಸಲ ಗಂಗಾಧರಯ್ಯನವರು ತಲೆಯಾಡಿಸಲಿಲ್ಲ. ಚೈತನ್ಯಳನ್ನು ನೋಡಿದರು.

“ಹಾಗಾದ್ರೆ ಅವತ್ತು ನಾನು ಹೇಳಿದ್ರಲ್ಲಿ ಒಂದೂ ಅರ್ಥ ಆಗ್ಲಿಲ್ವಾ ಅಂತಿದಾಳೆ ಸಾರ್. ನೀವು ನಮ್ಮ ಟ್ರಸ್ಟಲ್ಲಿ ಎಷ್ಟು ವರ್ಷದಿಂದ ಇದೀರಿ ಅಂತ ಕೇಳ್ತಿದಾಳೆ.”

ಅದನ್ನು ಹೇಳಲು ಯಾವ ಭಾಷೆಯೂ ಬೇಕಿರಲಿಲ್ಲ. ಗಂಗಾಧರಯ್ಯನವರು ಎರಡೂ ಕೈ ಎತ್ತಿ ಒಂಬತ್ತು ಬೆರಳು ತೋರಿಸಿದರು.

ಶ್ವೇತ ಆ ಬೆರಳುಗಳನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಪಾರವ್ವ ಗಾಬರಿಯಾಗಿ ಅವಳ ಭುಜ ಅಲುಗಿಸಿದರು. “ಏ ಶ್ವೇತಾ, ಕಣ್ಣು ತಗೀ, ಸರ ಬಂದಾರ, ಹಿಂಗ್ಯಾಕ ಮಾಡ್ತೀ?” ಅವಳು ತೆಗೆಯಲಿಲ್ಲ. ಚೈತನ್ಯ ಇನ್ನೇನೋ ಹೇಳಲು ಎತ್ತಿದ್ದ ಕೈಗಳನ್ನು ಮಡಿಲಿಗೆ ಇಳಿಸಿಕೊಂಡಳು. ಆ ಕಣ್ಣು ಮುಚ್ಚಿದ ಮೇಲೆ ಅವಳಿಗೆ ಏನನ್ನೂ ಹೇಳುವ ದಾರಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಗಂಗಾಧರಯ್ಯನವರ ಒಂಬತ್ತು ಬೆರಳುಗಳು ಇನ್ನೂ ಮೇಲೆಯೇ ಇದ್ದವು.